‘ವೇಟ್ ನಲ್’ ಎಂಬ ಬೇಜವಾಬ್ದಾರಿ

ಸಿ ಭಾಷೆಯಲ್ಲಿ ಅತಿ ಹೆಚ್ಚು ಮರ್ಯಾದೆ ಗಿಟ್ಟಿಸಿಕೊಂಡಿರುವ ಕೆಟ್ಟ ಸಾಲು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಯೋಚಿಸಲೂ ಹೋಗುವುದಿಲ್ಲ: ವೇಟ್ ನಲ್. ಫೋರ್ಕ್ ಮಾಡು, ಪೇರೆಂಟ್ ಓಡುವ ಎಲ್ಸ್ ಭಾಗದಲ್ಲಿ ವೇಟ್ ಕರೆದು ಅದರ ಆವರಣದೊಳಗೆ ನಲ್ ಎಂದು ಬರೆ, ಮುಗಿಯಿತು. ಕಂಪೈಲರ್ ಗೊಣಗುವುದಿಲ್ಲ. ಔಟ್‌ಪುಟ್ ಬೇಕಾದ ಕ್ರಮದಲ್ಲಿ ಬರುತ್ತದೆ. ಲ್ಯಾಬ್ ರೆಕಾರ್ಡಿಗೆ ಸಹಿ ಬೀಳುತ್ತದೆ. ವೈವಾದಲ್ಲಿ ‘ಈ ಸಾಲು ಯಾಕಪ್ಪ?’ ಎಂದು ಕೇಳಿದರೆ ‘ಜಾಂಬಿ ಆಗಬಾರದು ಅಂತ ಸರ್’ ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಮುಂದೆ ಕ್ಯಾಂಪಸ್ ಇಂಟರ್‌ವ್ಯೂನಲ್ಲೂ ಅದೇ ಪ್ರಶ್ನೆ, ಅದೇ ಉತ್ತರ. ಕೇಳುವವರಿಗೂ ಹೇಳುವವರಿಗೂ ಅದರಾಚೆ ಏನೂ ಬೇಕಿಲ್ಲ.

ಈ ನೆಮ್ಮದಿಯ ಮೇಲೇ ನನ್ನ ತಕರಾರು. ಚಾಲ್ತಿಯಲ್ಲಿರುವ ನಂಬಿಕೆ ಇಷ್ಟು: ಪೇರೆಂಟ್ ಪ್ರೊಸೆಸ್ ತನ್ನ ಚೈಲ್ಡ್‌ಗಾಗಿ ಕಾಯಬೇಕಾದದ್ದು ಜಾಂಬಿ ಉಳಿಯದಿರಲಿ ಎಂದು, ಒಮ್ಮೆ ವೇಟ್ ಕರೆದರೆ ಆ ಕೆಲಸ ತೀರಿತು, ಕರೆಯದೆ ಹೋದರೂ ಮುಳುಗಿಹೋಗುವುದೇನಿಲ್ಲ, ಇನಿಟ್ ಇದ್ದೇ ಇದೆ. ಈ ಮೂರು ಮಾತು ಕಲಿತು ಹೊರಬಂದವರೇ ನಾಳೆ ಬೆಂಗಳೂರಿನ ಕಂಪನಿಗಳಲ್ಲಿ ಕೂತು ಸರ್ವರ್, ರೂಟರ್, ಸೆಟ್‌ಟಾಪ್ ಬಾಕ್ಸ್‌ಗಳ ಒಳಗಿನ ಕೋಡ್ ಬರೆಯುವವರು. ಮೂರೂ ಮಾತು ಹಾನಿಕರ. ಯಾಕೆಂದರೆ ಮೂರೂ ಒಂದೇ ಪ್ರಶ್ನೆಯಿಂದ ನುಣುಚಿಕೊಳ್ಳುತ್ತವೆ: ಚೈಲ್ಡ್ ಹೇಗೆ ಸತ್ತಿತು?

ಚೈಲ್ಡ್ ಮುಗಿದ ಕ್ಷಣ ಕರ್ನಲ್ ಏನು ಮಾಡುತ್ತದೆ ನೋಡಿ. ಅದರ ಮೆಮೊರಿಯನ್ನು ವಾಪಸ್ ಪಡೆಯುತ್ತದೆ, ತೆರೆದಿದ್ದ ಫೈಲುಗಳನ್ನು ಮುಚ್ಚುತ್ತದೆ. ಪ್ರೊಸೆಸ್ ಟೇಬಲ್ಲಿನಲ್ಲಿ ಅದರ ಹೆಸರಿಗಿದ್ದ ಜಾಗವನ್ನು ಮಾತ್ರ ಅಳಿಸುವುದಿಲ್ಲ. ಅಲ್ಲಿ ಪಿಐಡಿ ಉಳಿದಿರುತ್ತದೆ, ಎಷ್ಟು ಸಿಪಿಯು ಸಮಯ ತಿಂದಿತೆಂಬ ಲೆಕ್ಕ ಇರುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಯಾವ ಕಾರಣಕ್ಕೆ ಸತ್ತಿತೆಂಬ ಟಿಪ್ಪಣಿ ಇರುತ್ತದೆ. ಪೇರೆಂಟ್ ಬಂದು ಕೇಳುವವರೆಗೂ ಕರ್ನಲ್ ಅದನ್ನು ಜೋಪಾನವಾಗಿ ಇಟ್ಟುಕೊಂಡಿರುತ್ತದೆ. ಅಲ್ಲಿಯವರೆಗೆ ಆ ಪಿಐಡಿಯನ್ನು ಬೇರೆ ಯಾವ ಪ್ರೊಸೆಸ್‌ಗೂ ಕೊಡುವುದಿಲ್ಲ. ಪಿಎಸ್ ಹೊಡೆದಾಗ ಝಡ್ ಅಕ್ಷರದೊಂದಿಗೆ ‘ಡಿಫಂಕ್ಟ್’ ಎಂದು ಕಾಣುವುದು ಇದೇ. ಇಂಥ ಶಿಸ್ತಿನ ಏರ್ಪಾಡಿಗೆ ನಾವು ದೆವ್ವದ ವೇಷ ಹಾಕಿ, ಎರಡನೇ ವರ್ಷದ ಮಕ್ಕಳನ್ನು ಹೆದರಿಸಿ, ‘ಇದನ್ನು ಓಡಿಸುವ ಮಂತ್ರ ವೇಟ್ ನಲ್’ ಎಂದು ಹೇಳಿಕೊಟ್ಟಿದ್ದೇವೆ. ದೆವ್ವ ಹೋಯಿತು, ಸರಿ. ಅದು ಹೇಳಬೇಕೆಂದಿದ್ದ ಮಾತು?

ವೇಟ್ ಕರೆಗೆ ಒಂದು ಇಂಟ್ ವಿಳಾಸ ಕೊಟ್ಟರೆ ಕರ್ನಲ್ ಸಾವಿನ ವರದಿಯನ್ನು ಅಲ್ಲಿ ಬರೆಯುತ್ತದೆ. ನಲ್ ಕೊಟ್ಟರೆ ಬರೆಯುವುದಿಲ್ಲ. ಆದರೆ ಟೇಬಲ್ಲಿನ ಜಾಗವನ್ನು ಅಳಿಸಿಬಿಡುತ್ತದೆ. ರಿಜಿಸ್ಟರ್ಡ್ ಪೋಸ್ಟ್‌ಗೆ ಸಹಿ ಹಾಕಿ, ಲಕೋಟೆ ಒಡೆಯದೆ ಒಲೆಗೆ ಹಾಕಿದ ಹಾಗೆ. ಅಂಚೆಯವನ ಪಾಲಿಗೆ ಕೆಲಸ ಮುಗಿದಿದೆ, ಒಳಗೇನಿತ್ತೆಂದು ಇನ್ನು ಯಾರಿಂದಲೂ ತಿಳಿಯುವಂತಿಲ್ಲ. ವೇಟ್ ಕರೆಯದೇ ಬಿಟ್ಟ ಪ್ರೋಗ್ರಾಂನಲ್ಲಿ ಕನಿಷ್ಠ ಆ ವರದಿ ಎಲ್ಲೋ ಉಳಿದಿರುತ್ತದೆ, ಪಿಎಸ್‌ನಲ್ಲಿ ಕಣ್ಣಿಗೆ ಬಿದ್ದು ಚುಚ್ಚುತ್ತದೆ. ವೇಟ್ ನಲ್ ಸಾಕ್ಷಿಯನ್ನೇ ನಾಶಮಾಡುತ್ತದೆ. ಹಾಗಿದ್ದೂ ಮೊದಲನೆಯದು ತಪ್ಪು, ಎರಡನೆಯದಕ್ಕೆ ಹತ್ತಕ್ಕೆ ಹತ್ತು!

ಆ ಇಂಟ್‌ನಲ್ಲಿ ಏನಿರುತ್ತದೆ? ಸಾಂಪ್ರದಾಯಿಕ ವಿನ್ಯಾಸದಲ್ಲಿ ಹದಿನಾರು ಬಿಟ್‌ಗಳು ಲೆಕ್ಕಕ್ಕೆ ಬರುತ್ತವೆ. ಕೆಳಗಿನ ಏಳು ಬಿಟ್‌ಗಳಲ್ಲಿ ಕೊಂದ ಸಿಗ್ನಲ್‌ನ ಸಂಖ್ಯೆ, ಎಂಟನೆಯದರಲ್ಲಿ ಕೋರ್ ಡಂಪ್ ಆಯಿತೇ ಇಲ್ಲವೇ ಎಂಬುದು, ಮೇಲಿನ ಬೈಟ್‌ನಲ್ಲಿ ಚೈಲ್ಡ್ ತಾನಾಗಿ ಎಕ್ಸಿಟ್‌ಗೆ ಕೊಟ್ಟ ಬೆಲೆ. ಅಂದರೆ ತಾನಾಗಿ ಮುಗಿದದ್ದು ಬೇರೆ, ಕೊಲೆಯಾದದ್ದು ಬೇರೆ. ಸಿಗ್ನಲ್ 11 ಎಂದರೆ ಸೆಗ್ಮೆಂಟೇಶನ್ ಫಾಲ್ಟ್: ಕೋಡ್‌ನಲ್ಲೇ ಹುಳುಕಿದೆ. ಸಿಗ್ನಲ್ 9 ಎಂದರೆ ಯಾರೋ ಹೊರಗಿನಿಂದ ಮುಗಿಸಿದ್ದಾರೆ, ಬಹಳ ಸಲ ಮೆಮೊರಿ ಸಾಲದೆ ಕರ್ನಲ್ ತಾನೇ. ಶೆಲ್ ಇವನ್ನೇ 128ಕ್ಕೆ ಕೂಡಿಸಿ 139, 137 ಎಂದು ತೋರಿಸುವುದು. ಮಧ್ಯರಾತ್ರಿ ಫೋನ್ ಬಂದು ಎದ್ದು ಕೂತವನಿಗೆ ಈ ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸ ಎಂದರೆ ಬೆಳಗಿನವರೆಗಿನ ನಿದ್ದೆ. ಒಂದಾದರೆ ಪ್ರೋಗ್ರಾಮರ್‌ನನ್ನು ಎಬ್ಬಿಸಬೇಕು, ಇನ್ನೊಂದಾದರೆ ಮೆಮೊರಿ ಮಿತಿಯನ್ನು ನೋಡಬೇಕು. ನಲ್ ಕೊಟ್ಟವನು ಎರಡನ್ನೂ ‘ಮುಗೀತು’ ಎಂಬ ಒಂದೇ ಪದದಲ್ಲಿ ಹೂತುಹಾಕಿದ್ದಾನೆ.

ಒಂದು ಬ್ಯಾಕಪ್ ಪ್ರೋಗ್ರಾಂ ಊಹಿಸಿಕೊಳ್ಳಿ. ಪೇರೆಂಟ್ ಫೋರ್ಕ್ ಮಾಡುತ್ತದೆ. ಚೈಲ್ಡ್ ಎಕ್ಸೆಕ್ ಕರೆದು ಟಾರ್ ಆಗಿ ಡೇಟಾಬೇಸ್ ಫೈಲುಗಳನ್ನು ಕಟ್ಟುತ್ತದೆ. ಪೇರೆಂಟ್ ವೇಟ್ ನಲ್ ಎಂದು ಕಾಯುತ್ತದೆ. ಚೈಲ್ಡ್ ಮುಗಿದೊಡನೆ ನಿನ್ನೆಯ ಬ್ಯಾಕಪ್ ಅಳಿಸಿ ‘ಬ್ಯಾಕಪ್ ಯಶಸ್ವಿ’ ಎಂದು ಲಾಗ್‌ಗೆ ಬರೆಯುತ್ತದೆ. ಡಿಸ್ಕ್ ತುಂಬಿದ ದಿನ ಟಾರ್ ಅರ್ಧದಲ್ಲೇ ನಿಂತು ಸೊನ್ನೆಯಲ್ಲದ ಸಂಖ್ಯೆ ಕೊಟ್ಟು ಹೊರಬರುತ್ತದೆ. ಪೇರೆಂಟ್ ನಿಷ್ಠೆಯಿಂದ ಕಾದಿದೆ, ಜಾಂಬಿ ಒಂದೂ ಇಲ್ಲ, ಪಠ್ಯದ ಪ್ರಕಾರ ಎಲ್ಲವೂ ಸರಿಯಾಗಿದೆ. ನಿನ್ನೆಯ ಒಳ್ಳೆಯ ಬ್ಯಾಕಪ್ ಅಳಿದಿದೆ, ಇವತ್ತಿನದು ಅರ್ಧ ಇದೆ, ಲಾಗ್‌ನಲ್ಲಿ ಯಶಸ್ಸು ದಾಖಲಾಗಿದೆ. ಇದರಲ್ಲಿ ಯಾವ ಸಾಲನ್ನು ನಮ್ಮ ಲ್ಯಾಬ್ ಪರೀಕ್ಷಕರು ಕೆಂಪು ಇಂಕಿನಲ್ಲಿ ಸುತ್ತುತ್ತಿದ್ದರು ಹೇಳಿ? ಒಂದನ್ನೂ ಇಲ್ಲ.

ಟಾರ್ ಇರಬೇಕಾದ ಜಾಗದಲ್ಲೇ ಇಲ್ಲದಿದ್ದರಂತೂ ಇನ್ನೂ ಚೆಂದ. ಎಕ್ಸೆಕ್ ಸೋತು ಹಿಂದಿರುಗುತ್ತದೆ. ಚೈಲ್ಡ್ ಅಲ್ಲೇ ಅಂಡರ್‌ಸ್ಕೋರ್ ಎಕ್ಸಿಟ್ ಕರೆದು 127 ಕೊಟ್ಟು ಸಾಯಬೇಕು ಎಂದು ಯಾರೂ ಹೇಳಿಕೊಟ್ಟಿಲ್ಲವಾದ್ದರಿಂದ, ಅದು ಕೆಳಗಿನ ಸಾಲುಗಳಿಗೆ ಇಳಿದು ಪೇರೆಂಟ್ ಮಾಡಬೇಕಾದ ಕೆಲಸವನ್ನೇ ತಾನೂ ಮಾಡತೊಡಗುತ್ತದೆ. ಈಗ ಹಳೆಯ ಬ್ಯಾಕಪ್ ಅಳಿಸಲು ಇಬ್ಬರು.

ಸ್ಟೇಟಸ್ ತೆಗೆದುಕೊಳ್ಳುವ ಸಭ್ಯರೂ ಇದ್ದಾರೆ. ಅವರಲ್ಲಿ ಬಹಳ ಮಂದಿ ಆ ಇಂಟನ್ನು ಹಾಗೆಯೇ ಮುದ್ರಿಸಿ, ಚೈಲ್ಡ್ 1 ಕೊಟ್ಟರೆ 256 ಯಾಕೆ ಬಂತು ಎಂದು ಕಣ್ಣುಜ್ಜಿಕೊಳ್ಳುತ್ತಾರೆ. ಆಮೇಲೆ 256ರಿಂದ ಭಾಗಿಸಿ ಸಮಾಧಾನಪಡುತ್ತಾರೆ. ಡಬ್ಲ್ಯುಇಫ್‌ಎಕ್ಸಿಟೆಡ್, ಡಬ್ಲ್ಯುಎಕ್ಸಿಟ್‌ಸ್ಟೇಟಸ್, ಡಬ್ಲ್ಯುಇಫ್‌ಸಿಗ್ನಲ್ಡ್, ಡಬ್ಲ್ಯುಟರ್ಮ್‌ಸಿಗ್ ಎಂಬ ಮ್ಯಾಕ್ರೋಗಳು ಹೆಡರ್ ಫೈಲಿನಲ್ಲಿ ಧೂಳು ತಿನ್ನುತ್ತ ಕೂತಿವೆ. ಎಕ್ಸಿಟ್‌ಗೆ 256 ಕೊಟ್ಟರೆ ಪೇರೆಂಟ್‌ಗೆ ತಲುಪುವುದು ಸೊನ್ನೆ, ಅಂದರೆ ‘ಯಶಸ್ಸು’, ಎಂಬುದು ಎಷ್ಟು ಜನಕ್ಕೆ ಗೊತ್ತು? ಎಷ್ಟು ದೋಷ ಸಿಕ್ಕಿತೋ ಅಷ್ಟನ್ನೇ ಎಕ್ಸಿಟ್ ಬೆಲೆಯಾಗಿ ಕೊಡುವ ಪ್ರೋಗ್ರಾಂ ಬರೆದರೆ, ಸರಿಯಾಗಿ 256 ದೋಷ ಸಿಕ್ಕ ದಿನ ಅದು ‘ಒಂದೂ ದೋಷವಿಲ್ಲ’ ಎಂದು ವರದಿ ಮಾಡುತ್ತದೆ.

ಇದೆಲ್ಲ ಇತ್ತೀಚಿನ ನಾಜೂಕು, ಹಳೆಯ ಯೂನಿಕ್ಸ್ ಸರಳವಾಗಿತ್ತು ಎನ್ನುವವರಿಗೆ ಇತಿಹಾಸದ ಒಂದು ಚೂರು. ಮರ್ರೇ ಹಿಲ್‌ನ ಬೆಲ್ ಲ್ಯಾಬ್ಸ್‌ನಲ್ಲಿ ಪಿಡಿಪಿ-7 ಯಂತ್ರದ ಮೇಲೆ ಯೂನಿಕ್ಸ್ ಹುಟ್ಟಿದಾಗ ಅದರಲ್ಲಿ ಫೋರ್ಕ್ ಇತ್ತು. ಡೆನ್ನಿಸ್ ರಿಚಿ ಬರೆದಿರುವ ಪ್ರಕಾರ ಅದಕ್ಕೆ ಬೇಕಾದದ್ದು ಅಸೆಂಬ್ಲಿಯ 27 ಸಾಲು. ಆದರೆ ವೇಟ್ ಇರಲಿಲ್ಲ. ಶೆಲ್ ತಾನು ಹುಟ್ಟಿಸಿದ ಪ್ರೊಸೆಸ್‌ಗೆ ಒಂದು ಸಂದೇಶ ಕಳಿಸಿ ತಡೆದು ನಿಲ್ಲುತ್ತಿತ್ತು. ಆ ಪ್ರೊಸೆಸ್ ಸಂದೇಶ ಓದುವ ಗೋಜಿಗೆ ಹೋಗದೆ ತನ್ನ ಕೆಲಸ ಮುಗಿಸಿ ಸತ್ತಾಗ, ‘ಅಂಥ ಪ್ರೊಸೆಸ್ಸೇ ಇಲ್ಲ’ ಎಂಬ ದೋಷದೊಂದಿಗೆ ಸಂದೇಶದ ಕರೆ ಹಿಂದಿರುಗುತ್ತಿತ್ತು. ಆ ದೋಷವೇ ಶೆಲ್‌ಗೆ ‘ಕಮಾಂಡ್ ಮುಗಿಯಿತು’ ಎಂಬ ಸೂಚನೆ. ಜಾಣತನದ ಉಪಾಯ, ಆದರೆ ಅದರಿಂದ ತಿಳಿಯುತ್ತಿದ್ದದ್ದು ಒಂದೇ ಸಂಗತಿ: ಇತ್ತು, ಈಗಿಲ್ಲ. ಅದು ಸಾಲದೆಂದು ವೇಟ್ ಬಂತು, 1975ರ ಆರನೇ ಆವೃತ್ತಿಯ ಹೊತ್ತಿಗೆ ಅದು ಚೈಲ್ಡ್ ಕೊಟ್ಟ ಬೆಲೆಯನ್ನೂ ಕೊಂದ ಕಾರಣವನ್ನೂ ಎರಡು ಬೈಟ್‌ಗಳಲ್ಲಿ ಪೇರೆಂಟ್‌ಗೆ ತಲುಪಿಸುತ್ತಿತ್ತು. ಅಷ್ಟು ವರ್ಷಗಳ ಕೆಳಗೆ, ಕಿಲೋಬೈಟ್‌ಗಳನ್ನು ಎಣಿಸಿ ಖರ್ಚು ಮಾಡುತ್ತಿದ್ದ ಕಾಲದಲ್ಲಿ, ಅವರು ಆ ಎರಡು ಬೈಟ್ ಯಾರಿಗಾಗಿ ಮೀಸಲಿಟ್ಟರು? ನಾವು ಗಿಗಾಬೈಟ್‌ಗಳ ಮೇಲೆ ಕೂತು, ನಲ್ ಎಂದು ಬರೆದು, ಪಿಡಿಪಿ-7ರ ಶೆಲ್‌ಗೆ ಗೊತ್ತಿದ್ದಷ್ಟನ್ನೇ ತಿಳಿದುಕೊಂಡು ತೃಪ್ತರಾಗಿದ್ದೇವೆ.

ಇನ್ನು ಇನಿಟ್ ಭಕ್ತರ ಸರದಿ. ‘ಪೇರೆಂಟ್ ಸತ್ತರೆ ಅನಾಥ ಮಕ್ಕಳನ್ನೆಲ್ಲ ಪಿಐಡಿ 1 ದತ್ತು ತಗೊಂಡು ಕ್ಲೀನ್ ಮಾಡುತ್ತೆ, ತಲೆ ಕೆಡಿಸ್ಕೋಬೇಡಿ.’ ಲ್ಯಾಬ್‌ನ ಪ್ರೋಗ್ರಾಂ ಅರ್ಧ ಸೆಕೆಂಡಿನಲ್ಲಿ ಸಾಯುತ್ತದೆ, ಅಲ್ಲಿ ಈ ಮಾತು ನಡೆಯುತ್ತದೆ. ಆದರೆ ಯಾವ ಸರ್ವರ್ ಅರ್ಧ ಸೆಕೆಂಡಿಗೆ ಸಾಯುತ್ತದೆ? ತಿಂಗಳುಗಟ್ಟಲೆ ಬದುಕಿರಲೆಂದೇ ಬರೆದ ಪೇರೆಂಟ್ ಅದು. ನಿಮಿಷಕ್ಕೊಂದು ಚೈಲ್ಡ್ ಹುಟ್ಟಿಸಿ ಕೇಳದೆ ಬಿಟ್ಟರೆ ದಿನಕ್ಕೆ 1440 ಜಾಂಬಿಗಳು. ಪಿಐಡಿಗಳಿಗೆ ಲಿನಕ್ಸ್‌ನ ಹಳೆಯ ಮಿತಿ 32768. ಅಂದರೆ ಇಪ್ಪತ್ತಮೂರನೇ ದಿನ ಯಂತ್ರದಲ್ಲಿ ಹೊಸ ಪ್ರೊಸೆಸ್‌ಗೆ ಕೊಡಲು ಸಂಖ್ಯೆಯೇ ಉಳಿಯುವುದಿಲ್ಲ. 64 ಬಿಟ್ ಯಂತ್ರದಲ್ಲಿ 4194304ರವರೆಗೆ ಏರಿಸಿಕೊಳ್ಳಬಹುದು, ನಿಜ. ಆದರೆ ಒಬ್ಬ ಬಳಕೆದಾರನಿಗೆ ಇಂತಿಷ್ಟೇ ಪ್ರೊಸೆಸ್ ಎಂಬ ಮಿತಿ ಅದಕ್ಕಿಂತ ಎಷ್ಟೋ ಮೊದಲೇ ಕತ್ತು ಹಿಡಿಯುತ್ತದೆ, ಜಾಂಬಿಗಳೂ ಆ ಲೆಕ್ಕದಲ್ಲಿ ಸೇರುತ್ತವೆ. ‘ಜಾಂಬಿ ಮೆಮೊರಿ ತಿನ್ನೋದಿಲ್ಲವಲ್ಲ’ ಎಂದು ವಾದಿಸುವವರು ಇಪ್ಪತ್ತಮೂರನೇ ದಿನ ಆ ಯಂತ್ರಕ್ಕೆ ಲಾಗಿನ್ ಆಗಲು ನೋಡಲಿ. ಲಾಗಿನ್ ಆಗಲೂ ಒಂದು ಪ್ರೊಸೆಸ್ ಬೇಕು. ಕಿಲ್ ಮೈನಸ್ ಒಂಬತ್ತು ಹೊಡೆಯುತ್ತೇವೆ ಎಂದರೆ, ಸತ್ತದ್ದನ್ನು ಮತ್ತೆ ಕೊಲ್ಲುವುದು ಹೇಗೆ? ಕೊಲ್ಲಬೇಕಾದದ್ದು ಪೇರೆಂಟನ್ನು. ಅಂದರೆ ನಿಮ್ಮ ಸರ್ವರನ್ನೇ.

ಆಗ ಫೋರ್ಕ್ ಮೈನಸ್ ಒಂದು ಹಿಂದಿರುಗಿಸುತ್ತದೆ. ಇಲ್ಲಿ ನಮ್ಮ ಅಭ್ಯಾಸದ ಅತಿ ಭಯಂಕರ ರೂಪ ಹೊರಬೀಳುತ್ತದೆ. ಫೋರ್ಕ್ ಸೋಲಬಹುದೆಂದೇ ಯೋಚಿಸದವನು ಆ ಮೈನಸ್ ಒಂದನ್ನೇ ಪಿಐಡಿ ಎಂದು ವೇರಿಯೇಬಲ್‌ನಲ್ಲಿ ಇಟ್ಟುಕೊಳ್ಳುತ್ತಾನೆ. ಚೈಲ್ಡ್ ಹೊತ್ತಿಗೆ ಮುಗಿಯಲಿಲ್ಲವೆಂದು ಆಮೇಲೆ ಅದಕ್ಕೆ ಕಿಲ್ ಕಳಿಸುತ್ತಾನೆ. ಕಿಲ್ ಕರೆಯಲ್ಲಿ ಮೈನಸ್ ಒಂದು ಎಂದರೆ ‘ನನಗೆ ಅನುಮತಿ ಇರುವ ಎಲ್ಲ ಪ್ರೊಸೆಸ್‌ಗಳಿಗೂ’ ಎಂದು. ರೂಟ್ ಆಗಿ ಓಡುತ್ತಿದ್ದ ಪ್ರೋಗ್ರಾಂ ಆದರೆ ಇಡೀ ಯಂತ್ರ ಸಾಮೂಹಿಕ ಸಮಾಧಿ. ಒಂದು ಹಿಂದಿರುಗಿದ ಬೆಲೆಯನ್ನು ನೋಡಲು ಸೋಮಾರಿತನ ಮಾಡಿದವನು ಇನ್ನೊಂದನ್ನು ನೋಡುತ್ತಾನೆಯೇ?

ಕಂಟೈನರ್‌ಗಳ ಕಾಲದಲ್ಲಿ ಇನಿಟ್ ಮೇಲಿನ ಈ ಭಕ್ತಿ ಇನ್ನಷ್ಟು ಹಾಸ್ಯಾಸ್ಪದ. ಡಾಕರ್ ಕಂಟೈನರ್ ಒಳಗೆ ಪಿಐಡಿ 1 ಯಾರು? ನಿಮ್ಮ ಪ್ರೋಗ್ರಾಮೇ. ಅನಾಥರೆಲ್ಲ ಬಂದು ಬೀಳುವುದು ಯಾರ ಮಡಿಲಿಗೆ? ವೇಟ್ ಕರೆಯುವುದು ತನ್ನ ಕೆಲಸವಲ್ಲ ಎಂದು ನಂಬಿ ಬೆಳೆದವನ ಮಡಿಲಿಗೆ. ಈ ಅವಾಂತರ ಎಷ್ಟು ವ್ಯಾಪಕವಾಯಿತೆಂದರೆ 2017ರ ಜನವರಿಯಲ್ಲಿ ಬಂದ ಡಾಕರ್ 1.13ರಲ್ಲಿ ಟಿನಿ ಎಂಬ ಪುಟ್ಟ ಇನಿಟ್ ಅನ್ನು ಜೊತೆಗೇ ಕಟ್ಟಿ, ಬೇಕಾದವರು ಬಳಸಿಕೊಳ್ಳಲಿ ಎಂದು ಒಂದು ಆಯ್ಕೆಯನ್ನೇ ಸೇರಿಸಬೇಕಾಯಿತು. ಸತ್ತವರ ವಿಚಾರಣೆಗೆಂದು ಬಾಡಿಗೆ ಆಳು! ಟಿನಿ ಶವ ಎತ್ತುತ್ತದೆ, ಪಾಪ. ನಿಮ್ಮ ಬ್ಯಾಕಪ್ ಅರ್ಧಕ್ಕೆ ನಿಂತದ್ದು ಯಾಕೆಂದು ಅದಕ್ಕೇನು ಗೊತ್ತು?

ವೇಟ್ ನಲ್‌ನಿಂದ ಒಂದು ಮೆಟ್ಟಿಲು ಮೇಲೆ ಬಂದವರ ಮೂಢನಂಬಿಕೆ ಬೇರೆ ಥರದ್ದು. ಪೇರೆಂಟ್ ಕಾಯುತ್ತ ನಿಂತರೆ ಬೇರೆ ಕೆಲಸ ಮಾಡಲಾಗದು, ಆದ್ದರಿಂದ ಸಿಗ್‌ಚೈಲ್ಡ್ ಸಿಗ್ನಲ್‌ಗೆ ಒಂದು ಹ್ಯಾಂಡ್ಲರ್ ಹಾಕಿ ಅದರೊಳಗೆ ಒಂದು ಸಲ ವೇಟ್ ಕರೆಯುತ್ತಾರೆ. ಚೈಲ್ಡ್ ಒಂದು ಸತ್ತರೆ ಸಿಗ್ನಲ್ ಒಂದು, ವೇಟ್ ಒಂದು: ಎಷ್ಟು ಸುಂದರ ಲೆಕ್ಕ! ಆದರೆ ಸಿಗ್‌ಚೈಲ್ಡ್ ಸಾಲುಗಟ್ಟಿ ನಿಲ್ಲುವ ಸಿಗ್ನಲ್ ಅಲ್ಲ. ಹ್ಯಾಂಡ್ಲರ್ ಓಡುತ್ತಿರುವಾಗ ಇನ್ನೂ ಐದು ಚೈಲ್ಡ್ ಸತ್ತರೆ ಐದೂ ಸೇರಿ ಒಂದೇ ಸಿಗ್ನಲ್ ಆಗುತ್ತದೆ. ಒಂದು ವೇಟ್, ಉಳಿದ ನಾಲ್ಕು ಜಾಂಬಿ. ಡಬ್ಲ್ಯುನೋಹ್ಯಾಂಗ್ ಕೊಟ್ಟು, ಇನ್ನು ಯಾರೂ ಉಳಿದಿಲ್ಲ ಎನ್ನುವವರೆಗೆ ವೇಟ್‌ಪಿಡ್ ಅನ್ನು ಲೂಪ್‌ನಲ್ಲಿ ಕರೆಯಬೇಕು. ಹ್ಯಾಂಡ್ಲರ್ ಒಳಗೆ ಎರ್‌ನೋ ಬೆಲೆಯನ್ನು ಉಳಿಸಿಕೊಂಡು ಹೊರಡುವಾಗ ಹಿಂದಕ್ಕಿಡಬೇಕು. ಅಲ್ಲಿ ಪ್ರಿಂಟ್‌ಎಫ್ ಕರೆಯಲೇಬಾರದು. ನಮ್ಮ ‘ಮಾದರಿ’ ಹ್ಯಾಂಡ್ಲರ್‌ಗಳಲ್ಲಿ ಮೊದಲ ಸಾಲೇ ಪ್ರಿಂಟ್‌ಎಫ್. ಲ್ಯಾಬ್‌ನಲ್ಲಿ ಒಂದೇ ಚೈಲ್ಡ್ ಇರುವುದರಿಂದ ಇದು ಎಂದೂ ಕೈಕೊಡುವುದಿಲ್ಲ, ಕೈಕೊಡದ್ದರಿಂದ ಸರಿ ಎಂದೇ ದಾಖಲಾಗುತ್ತದೆ. ಇನ್ನೊಂದು ತಮಾಷೆಯನ್ನು ಇಲ್ಲೇ ಹೇಳಿಬಿಡುತ್ತೇನೆ: ಕಾಯುತ್ತ ನಿಂತ ವೇಟ್‌ನ ಮಧ್ಯೆ ಬೇರಾವುದೋ ಸಿಗ್ನಲ್ ಹ್ಯಾಂಡ್ಲರ್ ಓಡಿದರೆ, ಎಸ್‌ಎ ರೀಸ್ಟಾರ್ಟ್ ಹಾಕದಿದ್ದಲ್ಲಿ, ವೇಟ್ ಮೈನಸ್ ಒಂದರೊಂದಿಗೆ ವಾಪಸ್ ಬರುತ್ತದೆ. ಚೈಲ್ಡ್ ಇನ್ನೂ ಜೀವಂತ ಓಡುತ್ತಿದೆ, ಪೇರೆಂಟ್ ‘ಸತ್ತಿತು’ ಎಂದುಕೊಂಡು ಮುಂದೆ ಹೋಗಿದೆ.

ಇದೆಲ್ಲ ರಗಳೆ ಯಾಕೆ, ಸಿಗ್‌ಚೈಲ್ಡನ್ನು ಇಗ್ನೋರ್ ಮಾಡಿಬಿಡಿ, ಜಾಂಬಿ ಹುಟ್ಟುವುದೇ ಇಲ್ಲ ಎಂಬುದು ‘ಅನುಭವಿ’ಗಳ ಉಪದೇಶ. ಹುಟ್ಟುವುದಿಲ್ಲ, ಒಪ್ಪಿದೆ. ಪಾಸಿಕ್ಸ್ ಕೂಡ ಹಾಗೆಯೇ ಹೇಳುತ್ತದೆ. ಆದರೆ ಈ ‘ಇಗ್ನೋರ್’ ಲಿನಕ್ಸ್‌ನಲ್ಲಿ ಎಕ್ಸೆಕ್ ದಾಟಿ ಚೈಲ್ಡ್‌ನ ಮೈಗೂ ಅಂಟಿಕೊಂಡು ಹೋಗುತ್ತದೆ. ಆ ಚೈಲ್ಡ್ ಇನ್ಯಾರೋ ಬರೆದ ನಿರಪರಾಧಿ ಪ್ರೋಗ್ರಾಂ; ಅದು ತನ್ನ ಮಕ್ಕಳಿಗಾಗಿ ಸರಿಯಾಗಿಯೇ ವೇಟ್ ಕರೆದರೆ ‘ನಿನಗೆ ಮಕ್ಕಳೇ ಇಲ್ಲ’ ಎಂಬ ಇಚೈಲ್ಡ್ ದೋಷ ಸಿಗುತ್ತದೆ. ಸಿಸ್ಟಮ್ ಫಂಕ್ಷನ್ ಕರೆದರೆ, ಕಮಾಂಡ್ ಚೆನ್ನಾಗಿಯೇ ಓಡಿದ್ದರೂ, ಮೈನಸ್ ಒಂದು ಬರುತ್ತದೆ. ಪೈಥಾನ್‌ನ ಸಬ್‌ಪ್ರೊಸೆಸ್ ಲೈಬ್ರರಿಯ ಕಥೆ ಇನ್ನೂ ದಾರುಣ: ಇಚೈಲ್ಡ್ ಸಿಕ್ಕಾಗ ಸ್ಟೇಟಸ್ ತಿಳಿಯಲು ದಾರಿಯಿಲ್ಲದೆ ಅದು ರಿಟರ್ನ್‌ಕೋಡ್‌ಗೆ ಸೊನ್ನೆ ಬರೆದುಕೊಳ್ಳುತ್ತದೆ. ಸೊನ್ನೆ! ಸತ್ತ ಚೈಲ್ಡ್ ಸಿಗ್ನಲ್ 11ರಿಂದ ಸತ್ತಿರಲಿ, 9ರಿಂದ ಸತ್ತಿರಲಿ, ವರದಿಯಲ್ಲಿ ‘ಯಶಸ್ಸು’. ಎಲ್ಲೋ ಮೇಲೆ, ಯಾರೋ ಒಬ್ಬರು, ಜಾಂಬಿ ಬೇಡವೆಂದು ಹಾಕಿದ ಒಂದು ಸಾಲಿನ ಪ್ರಸಾದ ಇದು.

ಯಾವ ಚೈಲ್ಡ್ ಎಂದು ಹೇಳದೆ ಕಾಯುವುದು ಮತ್ತೊಂದು ಅಪರಾಧ. ಬರೀ ವೇಟ್ ಎಂದರೆ ‘ಯಾರಾದರೊಬ್ಬರು ಸತ್ತರೆ ಸಾಕು’ ಎಂದು. ನಿಮ್ಮ ಪ್ರೋಗ್ರಾಂ ಬಳಸುವ ಲೈಬ್ರರಿಯೊಂದು ತಾನೂ ಒಂದು ಚೈಲ್ಡ್ ಹುಟ್ಟಿಸಿದ್ದರೆ, ನಿಮ್ಮ ವೇಟ್ ಅದರ ಚೈಲ್ಡ್‌ನ ವರದಿಯನ್ನು ಕದಿಯುತ್ತದೆ. ಆಮೇಲೆ ಲೈಬ್ರರಿ ತನ್ನದನ್ನು ಕೇಳಿದಾಗ ಏನೂ ಇರುವುದಿಲ್ಲ. ಜಿಲಿಬ್ ಲೈಬ್ರರಿಯ ದಾಖಲೆ ಇದಕ್ಕಾಗಿಯೇ, ನಮ್ಮ ಚೈಲ್ಡ್ ವಾಚ್ ಬಳಸುವವರು ಯಾರಾದರೂ ಸರಿ ಎನ್ನುವ ವೇಟ್‌ಪಿಡ್ ಕರೆಯಲೇಬಾರದು ಎಂದು ಎಚ್ಚರಿಸುತ್ತದೆ. ನಿರ್ದಿಷ್ಟ ಪಿಐಡಿ ಕೊಟ್ಟು ಕಾಯುವ ವೇಟ್‌ಪಿಡ್ 1988ರ ಪಾಸಿಕ್ಸ್‌ನಲ್ಲೇ ಬಂದಿದೆ. ಅದನ್ನು ಇನ್ನೂ ‘ಅಡ್ವಾನ್ಸ್ಡ್ ಟಾಪಿಕ್’ ಎಂದು ಕೊನೆಯ ಪುಟಕ್ಕೆ ತಳ್ಳುವುದನ್ನು ಏನೆನ್ನಬೇಕು?

ಈಗ, ವೇಟ್ ಕರೆದದ್ದರಿಂದಲೇ ಸಿಸ್ಟಮ್ ಸಾಯುವ ಪ್ರಸಂಗಕ್ಕೆ ಬರೋಣ. ಇದನ್ನು ಯಾವ ವೈವಾದಲ್ಲೂ ಕೇಳಿದ್ದನ್ನು ನಾನು ಕಂಡಿಲ್ಲ. ಚೈಲ್ಡ್‌ನ ಔಟ್‌ಪುಟ್ ಬೇಕೆಂದು ಪೇರೆಂಟ್ ಒಂದು ಪೈಪ್ ಮಾಡಿಕೊಳ್ಳುತ್ತದೆ. ಫೋರ್ಕ್, ಆಮೇಲೆ ವೇಟ್, ಚೈಲ್ಡ್ ಮುಗಿದ ಮೇಲೆ ಪೈಪ್‌ನಿಂದ ರೀಡ್. ಓದಿದರೆ ತರ್ಕಬದ್ಧವಾಗಿಯೇ ಕಾಣುತ್ತದೆ: ಅದು ಬರೆದು ಮುಗಿಸಲಿ, ಆಮೇಲೆ ನಾವು ಓದೋಣ. ಆದರೆ ಲಿನಕ್ಸ್‌ನಲ್ಲಿ ಪೈಪ್‌ನ ಹೊಟ್ಟೆ ಸಾಮಾನ್ಯವಾಗಿ 65536 ಬೈಟ್. ಚೈಲ್ಡ್ ಅಷ್ಟು ಬರೆದ ಮೇಲೆ, ಯಾರಾದರೂ ಓದಿ ಜಾಗ ಮಾಡಲಿ ಎಂದು ತಡೆದು ನಿಲ್ಲುತ್ತದೆ. ಓದಬೇಕಾದ ಪೇರೆಂಟ್, ಚೈಲ್ಡ್ ಮುಗಿಯಲಿ ಎಂದು ನಿಂತಿದೆ. ಇದು ಅದಕ್ಕೆ, ಅದು ಇದಕ್ಕೆ. ಯಾವ ದೋಷದ ಸಂದೇಶವೂ ಇಲ್ಲ, ಸಿಪಿಯು ಬಳಕೆ ಸೊನ್ನೆ, ಇಬ್ಬರೂ ಕರೆಂಟು ಹೋಗುವವರೆಗೆ ಹಾಗೇ. ಲ್ಯಾಬ್‌ನಲ್ಲಿ ಚೈಲ್ಡ್ ಬರೆಯುವುದು ‘ಹಲೋ ಪೇರೆಂಟ್’ ಎಂಬ ಒಂದು ಸಾಲು. 65536ರ ಗಡಿ ಯಾರ ಕಣ್ಣಿಗೂ ಬೀಳುವುದಿಲ್ಲ. ಗ್ರಾಹಕನ ಹತ್ತಿರ ಚೈಲ್ಡ್ ಒಂದು ದಿನ ದೊಡ್ಡ ವರದಿ ಬರೆಯುತ್ತದೆ, ಅವತ್ತು ಎಲ್ಲ ನಿಲ್ಲುತ್ತದೆ. ಚಿಕ್ಕ ಫೈಲುಗಳಿಗೆ ಓಡುತ್ತದೆ, ದೊಡ್ಡದಕ್ಕೆ ನಿಲ್ಲುತ್ತದೆ, ಆದ್ದರಿಂದ ‘ನೆಟ್‌ವರ್ಕ್ ಸಮಸ್ಯೆ ಇರಬೇಕು’ ಎಂದು ತೀರ್ಮಾನವಾಗುತ್ತದೆ. ಮೊದಲು ಪೈಪ್ ಬರಿದಾಗುವವರೆಗೆ ಓದು, ಆಮೇಲೆ ಕಾಯು: ಇಷ್ಟನ್ನು ಹೇಳಿಕೊಡಲು ಎಷ್ಟು ಹೊತ್ತು ಬೇಕು?

ಇವೆಲ್ಲಕ್ಕೆ ಸಮಯವಿಲ್ಲವೆನ್ನುವ ವ್ಯವಸ್ಥೆಗೆ ಒಗಟುಗಳಿಗೆ ಮಾತ್ರ ಬೇಕಾದಷ್ಟು ಸಮಯವಿದೆ. ‘ಫಾರ್ ಲೂಪ್‌ನಲ್ಲಿ ಮೂರು ಸಲ ಫೋರ್ಕ್ ಮಾಡಿದರೆ ಹಲೋ ಎಷ್ಟು ಸಲ ಮುದ್ರಣವಾಗುತ್ತದೆ?’ ಈ ಪ್ರಶ್ನೆ ಇಂಟರ್ನಲ್ಸ್‌ನಲ್ಲಿ ಬರುತ್ತದೆ, ಗೇಟ್ ಪರೀಕ್ಷೆಯಲ್ಲೂ ಇದರ ತಮ್ಮಂದಿರು ಬಂದಿದ್ದಾರೆ, ಇಂಟರ್‌ವ್ಯೂ ತಯಾರಿಯ ಪುಸ್ತಕಗಳಿಗೆ ಇದು ಅನ್ನ. ಎಂಟು ಎಂದು ಹುಡುಗ ಕ್ಷಣದಲ್ಲಿ ಹೇಳುತ್ತಾನೆ. ಆ ಎಂಟರಲ್ಲಿ ಏಳು ಚೈಲ್ಡ್‌ಗಳಲ್ಲವೇ, ಯಾರ ಚೈಲ್ಡ್‌ಗೆ ಯಾರು ಕಾಯಬೇಕು, ಮೂಲ ಪೇರೆಂಟ್ ಒಂದೇ ಒಂದು ವೇಟ್ ಕರೆದರೆ ಉಳಿದವರ ಗತಿಯೇನು ಎಂದು ಯಾರೂ ಕೇಳುವುದಿಲ್ಲ. ಹುಟ್ಟಿಸುವ ಲೆಕ್ಕಕ್ಕೆ ಮಾರ್ಕ್ಸ್ ಇದೆ. ಸತ್ತವರ ಲೆಕ್ಕಕ್ಕಿಲ್ಲ. ಇನ್ನು ವೇಟ್ ಬದಲಿಗೆ ಪೇರೆಂಟ್‌ನಲ್ಲಿ ಸ್ಲೀಪ್ 5 ಹಾಕಿ, ಚೈಲ್ಡ್ ಅಷ್ಟರೊಳಗೆ ಮುಗಿದೀತು ಎಂದು ಹರಕೆ ಹೊರುವ ಲ್ಯಾಬ್ ಮ್ಯಾನ್ಯುಯಲ್‌ಗಳ ಬಗ್ಗೆ ಮಾತಾಡದಿರುವುದೇ ಮೇಲು.

‘ಈಗ ಫೋರ್ಕ್ ಯಾರು ಬರೀತಾರೆ ಸರ್, ಎಲ್ಲ ಪೈಥಾನ್’ ಎಂಬ ಆಕ್ಷೇಪ ಬರುತ್ತದೆಂದು ಗೊತ್ತು. ಪೈಥಾನ್‌ನಲ್ಲಿ ಸಬ್‌ಪ್ರೊಸೆಸ್ ರನ್ ಕರೆದು ಚೆಕ್ ಟ್ರೂ ಎಂದು ಹಾಕದವರು, ರಿಟರ್ನ್‌ಕೋಡನ್ನು ತಿರುಗಿಯೂ ನೋಡದವರು ಯಾರು? ವೇಟ್ ನಲ್‌ನಲ್ಲಿ ಪಳಗಿದವರೇ. ಅಲ್ಲಿಯೂ ಪೈಪ್ ತುಂಬಿ ಕಟ್ಟಿಕೊಳ್ಳುವ ಇದೇ ಅಪಾಯದ ಎಚ್ಚರಿಕೆಯನ್ನು ದಾಖಲೆಯಲ್ಲೇ ಬರೆದಿದ್ದಾರೆ, ಓದುವವರು ಬೇಕು. ಭಾಷೆ ಬದಲಾದರೆ ಅಭ್ಯಾಸ ಬದಲಾಗುವುದಿಲ್ಲ. ಫೋರ್ಕೇ ಹಳೆಯದಾಯಿತು, ಅದನ್ನು ಇತಿಹಾಸದ ವಸ್ತುವಾಗಿ ಮಾತ್ರ ಕಲಿಸಿ ಎಂದು 2019ರಲ್ಲಿ ಆಂಡ್ರ್ಯೂ ಬೌಮನ್ ಮತ್ತು ಸಂಗಡಿಗರು ಹಾಟ್‌ಓಎಸ್ ಕಾರ್ಯಾಗಾರದಲ್ಲಿ ವಾದಿಸಿದ್ದೂ ನಿಜ. ಅವರ ಮಾತನ್ನು ಒಪ್ಪಿ ಪಾಸಿಕ್ಸ್ ಸ್ಪಾನ್ ಬಳಸಿದರೂ ಕೈಗೆ ಬರುವುದು ಒಂದು ಪಿಐಡಿ. ಅದಕ್ಕಾಗಿ ಕಾಯಬೇಕು, ಅದು ಹೇಗೆ ಮುಗಿಯಿತೆಂದು ಕೇಳಬೇಕು. ಹುಟ್ಟಿಸುವ ವಿಧಾನ ಬದಲಾಗಬಹುದು, ಉತ್ತರದಾಯಿತ್ವ ಎಲ್ಲಿ ಹೋಗುತ್ತದೆ? ಲಿನಕ್ಸ್‌ನವರು ಸುಮ್ಮನೆ ಕೂತಿಲ್ಲ: ಮರುಬಳಕೆಯಾದ ಪಿಐಡಿಗೆ ತಪ್ಪಾಗಿ ಸಿಗ್ನಲ್ ಹೋಗದಿರಲಿ ಎಂದು ಪಿಐಡಿಎಫ್‌ಡಿ ತಂದರು, 2019ರಲ್ಲಿ ಬಂದ 5.4 ಕರ್ನಲ್‌ನಿಂದ ವೇಟ್‌ಐಡಿಗೆ ನೇರವಾಗಿ ಅದನ್ನೇ ಕೊಟ್ಟು ಕಾಯಬಹುದು. ನಮ್ಮ ರೆಕಾರ್ಡ್ ಪುಸ್ತಕಗಳು ಮಾತ್ರ ಹಿರಿಯರ ರೆಕಾರ್ಡ್ ನೋಡಿ ನಕಲಾಗುತ್ತ ಬರುತ್ತಿವೆ.

ಆದ್ದರಿಂದ ಇದನ್ನು ನಿಲ್ಲಿಸಬೇಕು, ಮುಂದಿನ ಸೆಮಿಸ್ಟರ್‌ನಿಂದಲೇ. ಲ್ಯಾಬ್‌ನಲ್ಲಿ ವೇಟ್ ನಲ್ ಬರೆದ ಪ್ರೋಗ್ರಾಂಗೆ, ಅದು ಎಷ್ಟೇ ಅಂದವಾಗಿ ಓಡಲಿ, ಅರ್ಧ ಮಾರ್ಕ್ಸ್ ಕಡಿಯಿರಿ. ಫೋರ್ಕ್ ಪ್ರಯೋಗದ ಪ್ರಶ್ನೆಯನ್ನು ತಿರುಗಿಸಿ ಬರೆಯಿರಿ: ಒಂದು ಚೈಲ್ಡ್ 3 ಕೊಟ್ಟು ಹೊರಬರಲಿ, ಇನ್ನೊಂದು ನಲ್ ಪಾಯಿಂಟರ್ ಮುಟ್ಟಿ ಸಾಯಲಿ, ಮೂರನೆಯದು ಇಲ್ಲದ ಪ್ರೋಗ್ರಾಂ ಅನ್ನು ಎಕ್ಸೆಕ್ ಮಾಡಹೋಗಿ ಸೋಲಲಿ, ನಾಲ್ಕನೆಯದು ಪೈಪ್‌ಗೆ ಒಂದು ಲಕ್ಷ ಬೈಟ್ ಸುರಿಯಲಿ, ಪೇರೆಂಟ್ ನಾಲ್ಕನ್ನೂ ಪಿಐಡಿ ಹಿಡಿದು ಕಾದು, ಯಾವುದು ಹೇಗೆ ಮುಗಿಯಿತೆಂದು ಬೇರೆಬೇರೆಯಾಗಿ ಮುದ್ರಿಸಲಿ. ಎಕ್ಸ್‌ಟರ್ನಲ್ ಪರೀಕ್ಷಕರೇ, ‘ಜಾಂಬಿ ಎಂದರೇನು’ ಎಂದು ಇನ್ನು ಕೇಳಬೇಡಿ. ಹುಡುಗನ ಪ್ರೋಗ್ರಾಂ ಓಡುತ್ತಿರುವಾಗ ಇನ್ನೊಂದು ಟರ್ಮಿನಲ್‌ನಿಂದ ಅದರ ಚೈಲ್ಡ್‌ಗೆ ಕಿಲ್ ಮೈನಸ್ ಒಂಬತ್ತು ಹೊಡೆದು, ಪೇರೆಂಟ್ ಏನೆನ್ನುತ್ತದೆ ನೋಡಿ. ‘ಯಶಸ್ವಿಯಾಗಿ ಮುಗಿಯಿತು’ ಎಂದರೆ ರೆಕಾರ್ಡನ್ನು ವಾಪಸ್ ಕೊಡಿ. ಕಂಪನಿಗಳಲ್ಲಿ ಕೋಡ್ ರಿವ್ಯೂ ಮಾಡುವವರು ತಮ್ಮ ರೆಪಾಸಿಟರಿಯಲ್ಲಿ ಇವತ್ತೇ ವೇಟ್ ಮತ್ತು ಸಿಸ್ಟಮ್ ಎಂದು ಹುಡುಕಲಿ, ಹಿಂದಿರುಗಿದ ಬೆಲೆಯನ್ನು ಬಿಸಾಡಿದ ಪ್ರತಿ ಸಾಲಿಗೂ ಬರೆದವರಿಂದ ಕಾರಣ ಕೇಳಲಿ. ಕಾರಣ ಹೇಳಲಾಗದ ಸಾಲು ಆ ವಾರದ ಬಿಲ್ಡ್‌ಗೆ ಹೋಗಬಾರದು.